ಇಪ್ಪತ್ತೊಂದು ಮರಿ, ಒಂದು ಕಾವು ಕೋಳಿ: ತಿಪಟೂರು ಸೀಮೆಯ ಒಂದು ಮನೆಯ ಮೊದಲ ವರ್ಷ

ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಮನೆಯ ಹಿಂದೆ ಒಂದೂವರೆ ಎಕರೆ ತೆಂಗಿನ ತೋಟ, ಪಕ್ಕದಲ್ಲಿ ಎರಡು ಹಸು ಕಟ್ಟುವ ಕೊಟ್ಟಿಗೆ. ಮನೆಯಲ್ಲಿ ಐದು ಜನ: ಅತ್ತೆ, ಮಗ, ಸೊಸೆ, ಏಳನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಹುಡುಗ. ಗಂಡ ಗೂಡ್ಸ್ ಆಟೋ ಓಡಿಸುತ್ತಾರೆ. ಸೊಸೆ ಸಂಘದಲ್ಲಿದ್ದಾರೆ, ಹಾಲು ಡೇರಿಗೆ ಹಾಕುತ್ತಾರೆ. ನಾನು ಈ ಭಾಗದ ಪಶುಸಖಿ, ದನ, ಕೋಳಿ ಸಾಕೋರಿಗೆ ಮನೆ ಬಾಗಿಲಲ್ಲೇ ನೆರವಾಗೋ ಕೆಲಸ. ಇವರು ಕೋಳಿ ಸಾಕೋಕೆ ಅಂತ ಮರಿ ತಂದಿದ್ದು 2024ರ ದೀಪಾವಳಿ ಮುಗಿದ ಮೇಲೆ. ಅಲ್ಲಿಂದ ಒಂದು ವರ್ಷ ಆ ಹಿತ್ತಲಲ್ಲಿ ಏನೇನಾಯ್ತು ಅನ್ನೋದನ್ನ ಇಲ್ಲಿ ಬರೆದಿದ್ದೇನೆ.

ಈ ಮನೆಯನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಇಲ್ಲಿ ಒಂದೇ ದಿನ ಬಂದ ಒಂದೇ ತಳಿಯ ಮರಿಗಳು ಎರಡು ಥರ ಬೆಳೆದವು. ಅರ್ಧ ಬಲ್ಬಿನ ಕೆಳಗೆ, ಅರ್ಧ ನಾಟಿ ಕೋಳಿಯ ರೆಕ್ಕೆಯ ಕೆಳಗೆ. ಮೊದಲ ಎಂಟು ವಾರದಲ್ಲಿ ಎಷ್ಟು ಮರಿ ಉಳೀತು ಅನ್ನೋದರ ಮೇಲೆ ಇಡೀ ವರ್ಷದ ಲೆಕ್ಕ ನಿಂತಿರುತ್ತೆ ಅಂತ ನಾನು ನಂಬಿದ್ದೇನೆ. ಎಂಟು ವಾರ ದಾಟಿದ ಕೋಳಿ ತನ್ನ ಹೊಟ್ಟೆ ತಾನು ಅರ್ಧ ಹೊರೆದುಕೊಳ್ಳುತ್ತೆ. ಎಂಟು ವಾರದ ಒಳಗಿನ ಮರಿಗೆ ನಾವೇ ದಿಕ್ಕು.

ಅತ್ತೆ ಬೇಡ ಅಂದಿದ್ದು

ಆಸೆ ಹುಟ್ಟಿದ್ದು ಮಗಳಿಗೆ. ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದ ಮರಿ ಮಾರ್ತಾರಲ್ಲ, ಅದರಲ್ಲಿ ನಾಲ್ಕು ತಂದಿದ್ದಳು. ಒಂದು ವಾರದಲ್ಲಿ ಮೂರು ಹೋದವು. ಉಳಿದ ಒಂದು ಬಿಳಿ ಹುಂಜ ಆಯ್ತು, ಮೈಯಲ್ಲಿ ಮಾಂಸ ಇಲ್ಲ. ಇವು ಹೆಚ್ಚಾಗಿ ಮೊಟ್ಟೆ ಕೋಳಿ ಹ್ಯಾಚರಿಗಳಲ್ಲಿ ಬೇಡ ಅಂತ ತೆಗೆದ ಗಂಡು ಮರಿಗಳು. ಲಸಿಕೆ ಇರಲ್ಲ, ಬಣ್ಣಕ್ಕೆ ಅದ್ದಿ, ಬಿಸಿಲಲ್ಲಿ ಇಟ್ಟು ಸೊರಗಿರುತ್ತವೆ. ಮಕ್ಕಳ ಕೈಗೆ ಕೊಡೋಕೆ ಇವನ್ನು ತರಲೇಬೇಡಿ ಅಂತ ನಾನು ಎಲ್ಲ ಮನೆಯಲ್ಲೂ ಹೇಳ್ತೀನಿ.

ಸೊಸೆಗೆ ಮಾತ್ರ ಆ ಆಸೆ ಬಿಡಲಿಲ್ಲ. ಮಕ್ಕಳಿಗೆ ದಿನಾ ಮನೆ ಮೊಟ್ಟೆ ಸಿಕ್ಕರೆ ಸಾಕು, ಮಿಕ್ಕಿದ್ದು ಮಾರಿದರೆ ಕೈಖರ್ಚಿಗಾಯ್ತು ಅನ್ನೋದು ಅವರ ಲೆಕ್ಕ. ಅತ್ತೆ ಒಪ್ಪಲಿಲ್ಲ. ಅವರು ಹಿಂದೆ ಮೂವತ್ತು ನಲವತ್ತು ಕೋಳಿ ಸಾಕಿದವರು. "ಯುಗಾದಿ ಆಯ್ತು ಅಂದ್ರೆ ಕೊಕ್ಕರೆ ಬರ್ತದೆ. ಊರಿಗೂರೇ ಗುಡಿಸ್ಕೊಂಡು ಹೋಗ್ತದೆ. ಸಾಕಿ ಸಾಕಿ ತಿಪ್ಪೆಗೆ ಹಾಕಾಕೆ ನನ್ ಕೈಲಾಗಲ್ಲ ಕಣವ್ವ" ಅಂದರು.

ಅವರು ಹೇಳಿದ್ದು ನಿಜ. ಕೊಕ್ಕರೆ ರೋಗ ಅಂದರೆ ರಾಣಿಖೇತ್. ಸುಮಾರು ನೂರು ವರ್ಷದ ಹಿಂದೆ ಉತ್ತರದ ಬೆಟ್ಟದೂರು ರಾಣಿಖೇತ್‌ನಲ್ಲಿ ಕಂಡಿದ್ದರಿಂದ ಆ ಹೆಸರು. ಕೋಳಿ ಮಂಕಾಗುತ್ತೆ, ಹಸಿರು ಬಿಳಿ ಭೇದಿ ಆಗುತ್ತೆ, ಬಾಯಿ ತೆರೆದು ಉಸಿರು ಎಳೆಯುತ್ತೆ, ಕತ್ತು ತಿರುಚಿಕೊಳ್ಳುತ್ತೆ. ಬಂದ ಮೇಲೆ ಔಷಧಿ ಇಲ್ಲ. ಇರೋದು ಲಸಿಕೆ ಮಾತ್ರ. ಆಗಿನ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಹಿತ್ತಲ ಕೋಳಿಗೆ ಲಸಿಕೆ ಹಾಕಿಸೋರು ಯಾರಿದ್ದರು? ಹಾಗಾಗಿ ನಾನು ಅತ್ತೆಗೆ ಕೇಳಿಕೊಂಡಿದ್ದು ಇಷ್ಟೇ: "ಲಸಿಕೆ ನನ್ನ ಜವಾಬ್ದಾರಿ. ಕಾವು ನಿಮ್ಮ ಜವಾಬ್ದಾರಿ. ಒಂದು ವರ್ಷ ನೋಡೋಣ ಅಮ್ಮ." ಅವರು ಹೂಂ ಅನ್ನಲಿಲ್ಲ. ಆದರೆ ಮಾರನೇ ದಿನ ಅಟ್ಟದ ಮೇಲಿದ್ದ ಹಳೇ ಕಾವು ಬುಟ್ಟಿ ಇಳಿಸಿ ಒರೆಸ್ತಾ ಕೂತಿದ್ದರು.

ಯಾವ ಕೋಳಿ

ನಾಟಿ ಕೋಳಿ ವರ್ಷಕ್ಕೆ ಮೂರು ನಾಲ್ಕು ಸಲ ಮೊಟ್ಟೆಗೆ ಬರುತ್ತೆ, ಪ್ರತಿ ಸಲ ಹನ್ನೆರಡು ಹದಿನೈದು ಇಟ್ಟು ಕಾವಿಗೆ ಕೂತುಬಿಡುತ್ತೆ. ಎಲ್ಲ ಸೇರಿ 50-60 ಮೊಟ್ಟೆ. ದಿನಾ ಮೊಟ್ಟೆ ಬೇಕು ಅನ್ನೋರಿಗೆ ಇದು ಸಾಲಲ್ಲ. ಆದರೆ ಮರಿ ಮಾಡೋದರಲ್ಲಿ, ಹದ್ದಿನಿಂದ ಕಾಯೋದರಲ್ಲಿ ಇದನ್ನು ಮೀರಿಸೋ ಕೋಳಿ ಇಲ್ಲ.

ಸುಧಾರಿತ ತಳಿಗಳಲ್ಲಿ ನಮ್ಮ ಕಡೆ ಎಲ್ಲರಿಗೂ ಗೊತ್ತಿರೋದು ಗಿರಿರಾಜ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 1989ರಲ್ಲಿ ಬಿಡುಗಡೆ ಮಾಡಿದ್ದು. ಆಮೇಲೆ 2005ರಲ್ಲಿ ಸ್ವರ್ಣಧಾರ ಬಂತು. ಒಳ್ಳೆ ಆಹಾರ ಕೊಟ್ಟರೆ ಗಿರಿರಾಜ ವರ್ಷಕ್ಕೆ 130-150, ಸ್ವರ್ಣಧಾರ 180ರ ಆಸುಪಾಸು ಮೊಟ್ಟೆ ಇಡುತ್ತೆ. ಹೈದರಾಬಾದಿನ ವನರಾಜ, ಗ್ರಾಮಪ್ರಿಯ ತಳಿಗಳೂ ಸಿಗುತ್ತವೆ. ಇವೆಲ್ಲದರ ಮೈಬಣ್ಣ ನಾಟಿ ಥರವೇ ಇರೋದರಿಂದ ಹುಂಜಕ್ಕೂ ಒಳ್ಳೆ ಬೆಲೆ ಇದೆ. ಕೊರತೆ ಒಂದೇ, ಇವು ಕಾವಿಗೆ ಕೂರೋದು ತೀರಾ ಕಡಿಮೆ.

ಬಹಳ ಜನ ಇದು ಒಳ್ಳೇದೋ ಅದು ಒಳ್ಳೇದೋ ಅಂತ ತಿಂಗಳುಗಟ್ಟಲೆ ಚರ್ಚೆ ಮಾಡ್ತಾರೆ. ಎರಡನ್ನೂ ಇಟ್ಟುಕೊಂಡರೆ ಆಯ್ತಲ್ವಾ? ಮೊಟ್ಟೆಗೆ ಸ್ವರ್ಣಧಾರ, ತಾಯ್ತನಕ್ಕೆ ನಾಟಿ. ಈ ಮನೆಯವರು ಮೂರು ನಾಟಿ ಹೇಟೆ (ಹೆಣ್ಣು ಕೋಳಿ) ಹೊಂದಿಸಿಕೊಂಡರು. ಒಂದು ಸೊಸೆಯ ತವರಿನಿಂದ ಬಂತು, ಎರಡು ಸಂತೆಯಲ್ಲಿ ಕೊಂಡಿದ್ದು. ಸಂತೆ ಕೋಳಿಯನ್ನು ನೇರ ಗೂಡಿಗೆ ಬಿಡಬಾರದು. ಹದಿನೈದು ದಿನ ಮನೆಯ ಇನ್ನೊಂದು ಪಕ್ಕದಲ್ಲಿ ಮಂಕರಿ ಕೆಳಗೆ ಬೇರೆಯೇ ಇಟ್ಟಿದ್ದರು. ಸ್ವರ್ಣಧಾರದ ಒಂದು ದಿನದ ಮರಿ ಇಪ್ಪತ್ತಕ್ಕೆ ಹೇಳಿದ್ದರು, ಹ್ಯಾಚರಿಯವರು ಒಂದು ಜಾಸ್ತಿ ಹಾಕಿ ಕೊಟ್ಟರು.

ಒಂದು ದಿನದ ಮರಿಯಲ್ಲಿ ಗಂಡು ಹೆಣ್ಣು ಬೆರೆತಿರುತ್ತೆ. ಇಪ್ಪತ್ತು ತಂದರೆ ಹೆಚ್ಚುಕಮ್ಮಿ ಹತ್ತು ಹುಂಜ ಅಂತಲೇ ಲೆಕ್ಕ ಹಾಕಬೇಕು. ಇದನ್ನು ಮೊದಲೇ ತಿಳಿಸದಿದ್ದರೆ ಮೂರು ತಿಂಗಳಾದ ಮೇಲೆ ಮನೆಯವರಿಗೆ ಬೇಜಾರಾಗುತ್ತೆ.

ಗೂಡು

ಗಂಡನ ತಲೆಯಲ್ಲಿ ಮೂವತ್ತು ಸಾವಿರದ ಶೆಡ್ ಇತ್ತು. ಸಿಮೆಂಟ್ ನೆಲ, ಶೀಟು, ಕಬ್ಬಿಣದ ಗೇಟು. ಹಗಲೆಲ್ಲ ತೋಟದಲ್ಲಿ ಮೇಯುವ ಇಪ್ಪತ್ತು ಕೋಳಿಗೆ ಅಷ್ಟು ಬೇಕಿಲ್ಲ. ಗೂಡು ಬೇಕಿರೋದು ರಾತ್ರಿಗೆ. ಕೊನೆಗೆ ಕೊಟ್ಟಿಗೆಯ ಗೋಡೆಗೆ ಸೇರಿಸಿ ಎಂಟಡಿ ಉದ್ದ ಐದಡಿ ಅಗಲದ ಗೂಡು ಕಟ್ಟಿದರು. ತೆಂಗಿನ ಮರದ ಕಂಬ, ಹಳೇ ಮಂಗಳೂರು ಹೆಂಚು. ಖರ್ಚು ಆರೂವರೆ ಸಾವಿರ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಲರಿಗೇ ಹೋಯ್ತು, ಅದು ಸರಿಯಾದ ಖರ್ಚು.

ಜಾಲರಿ ವಿಷಯದಲ್ಲಿ ನಾನು ಹಟ ಹಿಡಿದಿದ್ದೆ. ಅಂಗಡಿಯಲ್ಲಿ ಕೋಳಿ ಜಾಲರಿ ಅಂತ ಕೊಡೋದು ಆರು ಮೂಲೆಯ ತೆಳು ತಂತಿ. ಅದು ಕೋಳಿಯನ್ನು ಒಳಗೆ ಇಡುತ್ತೆ, ಮುಂಗುಸಿಯನ್ನು ಹೊರಗೆ ಇಡಲ್ಲ. ನಾಯಿ ಕಚ್ಚಿ ಎಳೆದರೆ ಕಿತ್ತು ಬರುತ್ತೆ. ಹೆಗ್ಗಣ, ಹಾವು ಸಲೀಸಾಗಿ ನುಗ್ಗುತ್ತವೆ. ನೆಲದಿಂದ ಎರಡಡಿವರೆಗೆ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿಸಿದೆವು, ಮೇಲಕ್ಕೆ ಒಂದು ಇಂಚಿನದು. ಮೆಶ್ಶನ್ನು ನೆಲದ ಮಟ್ಟಕ್ಕೆ ನಿಲ್ಲಿಸದೆ ಹೊರಗಡೆಗೆ ಒಂದಡಿ ಮಡಚಿ, ಮಣ್ಣು ಮುಚ್ಚಿ, ಮೇಲೆ ಕಲ್ಲು ಜೋಡಿಸಿದರು. ಮುಂಗುಸಿ, ಹೆಗ್ಗಣ ಗೋಡೆ ಬುಡದಲ್ಲೇ ಕೆರೆಯೋದು. ಅಲ್ಲಿ ಮೆಶ್ ಸಿಕ್ಕರೆ ಬಿಟ್ಟು ಹೋಗುತ್ತವೆ. ಈ ಒಂದು ವರ್ಷದಲ್ಲಿ ರಾತ್ರಿ ಹೊತ್ತು ಆ ಗೂಡಿನಿಂದ ಒಂದು ಕೋಳಿಯೂ ಹೋಗಿಲ್ಲ.

ಒಳಗೆ ಎರಡಡಿ ಎತ್ತರಕ್ಕೆ ಅಡ್ಡಗೋಲು. ಕೋಳಿ ನೆಲದ ಮೇಲೆ ಮಲಗೋದು ಅದಕ್ಕೂ ಇಷ್ಟವಿಲ್ಲ, ಹಿಕ್ಕೆ ಮೇಲೆ ಕೂತರೆ ಕಾಯಿಲೆಗೂ ದಾರಿ. ನೆಲಕ್ಕೆ ಮೂರು ಇಂಚು ಭತ್ತದ ಹೊಟ್ಟು. ನಾಲ್ಕೈದು ಹೇಟೆಗೆ ಒಂದು ಮೊಟ್ಟೆ ಡಬ್ಬ ಸಾಕು. ಇವರು ಹಳೇ ಟೊಮೇಟೊ ಕ್ರೇಟನ್ನೇ ಮಗ್ಗುಲಾಗಿಸಿ ಹುಲ್ಲು ಹಾಸಿದರು.

ಮರಿ ಬಂದ ರಾತ್ರಿ

ಸಂತೆಯ ಹೇಟೆಗಳಲ್ಲಿ ಒಂದು, ಕಂದು ಮೈಯ ಪುಕ್ಕಲು ಕೋಳಿ, ಮೊಟ್ಟೆ ಇಟ್ಟು ಮುಗಿಸಿ ಕಾವಿಗೆ ಕೂತಿತ್ತು. ಮನೆಯಲ್ಲಿ ಹುಂಜ ಇರಲಿಲ್ಲ, ಹಾಗಾಗಿ ಅದರ ಮೊಟ್ಟೆಯಲ್ಲಿ ಬೀಜ ಇಲ್ಲ. ಆದರೂ ಅತ್ತೆ ಅದರ ಹೊಟ್ಟೆ ಕೆಳಗೆ ನಾಲ್ಕು ಮೊಟ್ಟೆ ಬಿಟ್ಟಿದ್ದರು. ಮರಿ ಬರೋವರೆಗೆ ಕಾವು ಮುರಿಯಬಾರದಲ್ಲ, ಅದಕ್ಕೆ. ಬುಟ್ಟಿಯ ತಳಕ್ಕೆ ಬೂದಿ, ಅದರ ಮೇಲೆ ಬೇವಿನ ಸೊಪ್ಪು, ಆಮೇಲೆ ಹುಲ್ಲು. ಬೂದಿ, ಬೇವು ಕೋಳಿ ಹೇನಿಗೆ ಒಳ್ಳೆ ತಡೆ. ಕಾವು ಕೋಳಿ ಮೂರು ವಾರ ಅಲ್ಲಾಡದೆ ಕೂರೋದರಿಂದ ಹೇನು ಅದಕ್ಕೇ ಮೊದಲು ಹತ್ತುತ್ತೆ. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಒಂದು ಕಬ್ಬಿಣದ ಮೊಳೆ, ಒಂದು ತುಂಡು ಇದ್ದಿಲನ್ನೂ ಬುಟ್ಟಿಗೆ ಹಾಕಿದ್ದರು. ಅವರ ಅತ್ತೆ ಹಾಕ್ತಿದ್ದರಂತೆ.

ಮರಿ ಬಂದಿದ್ದು ಸಂಜೆ. ಎಲ್ಲಕ್ಕೂ ಮೊದಲು ಬೆಲ್ಲದ ನೀರು ಕುಡಿಸಿದೆವು. ಒಂದೊಂದನ್ನೇ ಹಿಡಿದು ಕೊಕ್ಕನ್ನು ನೀರಿಗೆ ತಾಗಿಸಿದರೆ ಆಮೇಲೆ ಅದೇ ಕುಡಿಯುತ್ತೆ. ಕತ್ತಲಾಗೋವರೆಗೆ ಕಾದೆವು. ಎಂಟು ಗಂಟೆಗೆ ಅತ್ತೆ ದೀಪ ಇಲ್ಲದೆಯೇ ಒಳಗೆ ಹೋದರು. ಬಲಗೈಯಲ್ಲಿ ಮರಿ, ಎಡಗೈ ಕೋಳಿಯ ಎದೆ ಕೆಳಗೆ. ಒಂದು ಮೊಟ್ಟೆ ತೆಗೆದರು, ಆ ಜಾಗಕ್ಕೆ ಒಂದು ಮರಿ ತೂರಿಸಿದರು. ಕೋಳಿ ಗುರ್ ಅಂದು ಕೈಗೆ ಒಂದು ಕುಕ್ಕಿತು. ಅತ್ತೆ ಕೈ ಎಳೆಯಲಿಲ್ಲ, ಹಾಗೇ ಇಟ್ಟುಕೊಂಡರು. ಒಳಗಿಂದ ಮರಿ ಚೀಂವ್ ಅಂದಿತು. ಕೋಳಿಯ ದನಿ ಅಲ್ಲೇ ಬದಲಾಯ್ತು. ಗುರುಗುಟ್ಟೋದು ನಿಂತು ಕ್ಲಕ್ ಕ್ಲಕ್ ಅಂತ ಸಣ್ಣಗೆ ಕರೆಯೋಕೆ ಶುರು ಮಾಡಿತು. "ಆಯ್ತು, ಇನ್ನು ತನ್ನದು ಅಂದ್ಕೋತು" ಅಂದರು. ಒಂದೊಂದಾಗಿ ಒಂಬತ್ತು ಮರಿ ಸೇರಿಸಿದರು. ಇನ್ನೆರಡು ಹಿಡಿಯುತ್ತಿತ್ತು, ಆದರೆ ಕಾರ್ತಿಕದ ಚಳಿಗೆ ಅಷ್ಟೇ ಸಾಕು ಅಂದರು. ಬೆಳಗ್ಗೆ ನೋಡಿದರೆ ರೆಕ್ಕೆ ಸಂದಿಯಿಂದ ಒಂಬತ್ತು ತಲೆ.

ಹೀಗೆ ಸೇರಿಸೋದಕ್ಕೆ ಕೆಲವು ಕಟ್ಟುಪಾಡಿವೆ. ಕೋಳಿ ಕಾವಿಗೆ ಕೂತು ಹತ್ತು ದಿನಕ್ಕಿಂತ ಜಾಸ್ತಿ ಆಗಿರಬೇಕು. ಮರಿ ಒಂದೆರಡು ದಿನದ್ದಾಗಿರಬೇಕು, ಒಂದು ವಾರದ ಮರಿ ತಾಯಿ ಕೆಳಗೆ ನಿಲ್ಲಲ್ಲ. ಕತ್ತಲಲ್ಲೇ ಮಾಡಬೇಕು. ಬೆಳಗ್ಗೆ ಎದ್ದ ಕೂಡಲೇ ಒಬ್ಬರು ಪಕ್ಕದಲ್ಲಿರಬೇಕು, ತಾಯಿ ಕುಕ್ಕಿದರೆ ಆಗಲೇ ಮರಿ ತೆಗೆದುಬಿಡಬೇಕು.

ಉಳಿದ ಹನ್ನೆರಡು ಮರಿ ಬಲ್ಬಿನ ಕೆಳಗೆ ಹೋದವು. ತಗಡನ್ನು ಮೂರಡಿ ಅಗಲಕ್ಕೆ ಗುಂಡಗೆ ಬಗ್ಗಿಸಿ, ಹೊಟ್ಟು ಹಾಸಿ, ಮೇಲೆ ಪೇಪರ್ ಹಾಕಿ, ಬಲ್ಬ್ ಇಳಿಬಿಟ್ಟಿದ್ದರು. ಇಲ್ಲಿ ಒಂದು ಮಾತು ಹೇಳಲೇಬೇಕು. ಈಗ ಮನೆಮನೆಯಲ್ಲೂ ಎಲ್‌ಇಡಿ ಬಲ್ಬ್. ಅದರಲ್ಲಿ ಬೆಳಕು ಬರುತ್ತೆ, ಶಾಖ ಬರಲ್ಲ. ಮರಿಗೆ ಬೇಕಿರೋದು ಶಾಖ. ಹಳೇ ಥರದ ಅರವತ್ತು ವ್ಯಾಟ್ ಬಲ್ಬ್ ಹುಡುಕಿಯೇ ತರಬೇಕು, ತಿಪಟೂರಿನಲ್ಲಿ ಗಂಡ ಮೂರು ಅಂಗಡಿ ತಿರುಗಿದರು. ಮೊದಲ ವಾರ ಮರಿಯ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು. ಥರ್ಮಾಮೀಟರ್ ಇಲ್ಲದಿದ್ದರೂ ಪರವಾಗಿಲ್ಲ. ಬಲ್ಬ್ ಕೆಳಗೆ ಒಂದರ ಮೇಲೊಂದು ಗುಡ್ಡೆ ಬಿದ್ದಿದ್ದರೆ ಚಳಿ. ತಗಡಿನ ಅಂಚಿಗೆ ಹೋಗಿ ಬಾಯಿ ತೆರೆದಿದ್ದರೆ ಸೆಕೆ. ಎಲ್ಲ ಕಡೆ ಹರಡಿಕೊಂಡು ಮಲಗಿದ್ದರೆ ಸರಿಯಾಗಿದೆ.

ಸತ್ತಿದ್ದು ಹೇಗೆ

ಒಂಬತ್ತನೇ ರಾತ್ರಿ ಕರೆಂಟ್ ಹೋಯ್ತು. ಬೆಳಗಿನ ಜಾವದವರೆಗೆ ಬರಲಿಲ್ಲ. ಯಾರಿಗೂ ಎಚ್ಚರವಾಗಲಿಲ್ಲ. ಮರಿಗಳು ಮೂಲೆಗೆ ಒತ್ತಿಕೊಂಡು ಕೆಳಗಿದ್ದ ಎರಡು ಉಸಿರುಗಟ್ಟಿ ಸತ್ತಿದ್ದವು. ಅವತ್ತಿನಿಂದ ರಾತ್ರಿ ಒಂದು ಮಣ್ಣಿನ ಮಡಕೆಗೆ ಇದ್ದಿಲ ಕೆಂಡ ಹಾಕಿ, ತೂತಿನ ಮುಚ್ಚಳ ಮುಚ್ಚಿ ಪಕ್ಕದಲ್ಲಿ ಸಿದ್ಧ ಇಡೋಕೆ ಶುರು ಮಾಡಿದರು. ಕೆಂಡದ ಹೊಗೆ ಹೊರಗೆ ಹೋಗೋಕೆ ಗಾಳಿ ಇರಬೇಕು, ಪೂರ್ತಿ ಮುಚ್ಚಿದ ಕೋಣೆಯಲ್ಲಿ ಇಡಬಾರದು. ತಾಯಿ ಕೆಳಗಿದ್ದ ಒಂಬತ್ತಕ್ಕೆ ಆ ರಾತ್ರಿ ಏನೂ ಆಗಿರಲಿಲ್ಲ.

ನಾಲ್ಕನೇ ವಾರ ಸೈಕ್ಲೋನ್ ಮಳೆ. ಮೂರು ದಿನ ಜಡಿ ಹಿಡೀತು. ಬಲ್ಬಿನ ಮರಿಗಳ ಹೊಟ್ಟು ಒದ್ದೆಯಾಗಿ ಗಟ್ಟಿ ಕಟ್ಟಿತು. ಸೊಸೆ ಫೋನ್ ಮಾಡಿ, "ಅಕ್ಕ, ಹಿಕ್ಕೇಲಿ ರಕ್ತ ಕಾಣ್ತಿದೆ" ಅಂದರು. ರಕ್ತಭೇದಿ. ಮೂರರಿಂದ ಆರು ವಾರದ ಮರಿಗೆ ಒದ್ದೆ ನೆಲದಿಂದ ಬರೋ ರೋಗ. ಪಶು ಆಸ್ಪತ್ರೆಯಲ್ಲಿ ಕೇಳಿ ಆಂಪ್ರೋಲಿಯಂ ಪುಡಿ ತಂದು ಐದು ದಿನ ಕುಡಿಯೋ ನೀರಿಗೆ ಹಾಕಿದರು. ಹಳೇ ಹೊಟ್ಟು ಪೂರ್ತಿ ತೆಗೆದು, ನೆಲಕ್ಕೆ ಸುಣ್ಣ ಚೆಲ್ಲಿ, ಒಣ ಹೊಟ್ಟು ಹಾಕಿದರು. ಅಷ್ಟರಲ್ಲಿ ಎರಡು ಹೋಗಿದ್ದವು. ಉಳಿದವು ಚೇತರಿಸಿಕೊಂಡವು. ಮೊದಲ ದಿನವೇ ಹಿಕ್ಕೆ ನೋಡಿ ಹೇಳಿದ್ದರಿಂದ ಅಷ್ಟಕ್ಕೇ ನಿಂತಿತು. ದಿನಾ ಬೆಳಗ್ಗೆ ಹಿಕ್ಕೆ ನೋಡೋದು ಕೋಳಿ ಸಾಕೋರ ಮೊದಲ ಕೆಲಸ.

ಆರನೇ ವಾರ ಮರಿಗಳನ್ನು ತೋಟಕ್ಕೆ ಬಿಟ್ಟಾಗ ಒಂದನ್ನು ಹದ್ದು ಎತ್ತಿತು. ಅವತ್ತು ನಾನು ಅಲ್ಲೇ ಇದ್ದೆ. ನೆರಳು ನೆಲದ ಮೇಲೆ ಹಾದುಹೋದ ಕೂಡಲೇ ಕಂದು ಕೋಳಿ ಒಂಥರಾ ಎಳೆದ ದನಿಯಲ್ಲಿ ಕೂಗಿತು. ಅದರ ಮರಿಗಳು ಮಾಯ. ಬಾಳೆ ಬುಡ, ಬಿದ್ದ ಗರಿ ಕೆಳಗೆ, ಎಲ್ಲಿ ಅಂದರಲ್ಲಿ. ಬಲ್ಬಿನ ಕೆಳಗೆ ಬೆಳೆದವು ಮಾತ್ರ ಬಯಲಲ್ಲಿ ನಿಂತು ತಲೆ ಎತ್ತಿ ನೋಡ್ತಿದ್ದವು. ಅವಕ್ಕೆ ಆ ಕೂಗಿನ ಅರ್ಥ ಹೇಳಿಕೊಟ್ಟೋರು ಯಾರೂ ಇರಲಿಲ್ಲ. ಆಮೇಲೆ ಗಂಡ ಒಣಗಿದ ತೆಂಗಿನ ಗರಿಗಳನ್ನು ಅಲ್ಲಲ್ಲಿ ಡೇರೆ ಹಾಗೆ ನಿಲ್ಲಿಸಿದರು. ಹದ್ದಿನ ಕಾಟಕ್ಕೆ ಇದು ಖರ್ಚಿಲ್ಲದ ಉಪಾಯ, ತೆಂಗಿನ ತೋಟ ಇರೋರೆಲ್ಲ ಮಾಡಬಹುದು.

ತಾಯಿಯ ಗುಂಪಿನಲ್ಲಿ ಸತ್ತಿದ್ದು ಒಂದು. ಕೊಟ್ಟಿಗೆಯಲ್ಲಿ ಹಸು ತುಳಿಯಿತು.

ಎಂಟು ವಾರಕ್ಕೆ ಲೆಕ್ಕ ಹೀಗಿತ್ತು. ಬಲ್ಬಿನ ಹನ್ನೆರಡರಲ್ಲಿ ಏಳು ಉಳಿದವು, ತಾಯಿಯ ಒಂಬತ್ತರಲ್ಲಿ ಎಂಟು. ಒಂದು ಮನೆಯ ಇಪ್ಪತ್ತೊಂದು ಮರಿ ನೋಡಿ ಎಲ್ಲ ಕಡೆಗೂ ಹೀಗೇ ಅಂತ ಹೇಳೋಕಾಗಲ್ಲ. ಐವತ್ತು, ನೂರು ಮರಿ ತರೋರಿಗೆ ಬಲ್ಬೇ ಗತಿ. ಆದರೆ ಮನೆ ಮಟ್ಟಿಗೆ ಹದಿನೈದು ಇಪ್ಪತ್ತು ಮರಿ ಸಾಕೋರಿಗೆ ಎರಡು ಕಾವು ಕೋಳಿ ಇದ್ದರೆ ಕರೆಂಟಿನ ಭಯ ಇಲ್ಲ, ಬಲ್ಬಿನ ಬಿಲ್ ಇಲ್ಲ, ಹದ್ದಿಗೆ ಕಾವಲೂ ಇದೆ.

ಲಸಿಕೆ ಅಂದರೆ ಇಡೀ ಬೀದಿಯ ಕೆಲಸ

ಹಿತ್ತಲ ಕೋಳಿಗೆ ಲಸಿಕೆ ತಲುಪದಿರೋಕೆ ದೊಡ್ಡ ಕಾರಣ ಬಾಟ್ಲಿಯ ಅಳತೆ. ಚಿಕ್ಕ ಬಾಟ್ಲಿ ಅಂದರೂ ನೂರು ಕೋಳಿಗೆ ಆಗುವಷ್ಟಿರುತ್ತೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಅಲ್ಲಿವರೆಗೂ ಐಸ್ ಮೇಲೇ ಇರಬೇಕು. ಹತ್ತು ಕೋಳಿ ಇರೋ ಮನೆ ಒಂಟಿಯಾಗಿ ಇದನ್ನು ಮಾಡೋಕಾಗಲ್ಲ.

ಏಳನೇ ದಿನದ ಲಸೋಟಾ, ಅಂದರೆ ಕೊಕ್ಕರೆ ರೋಗಕ್ಕೆ ಎಳೆ ಮರಿಗೆ ಹಾಕೋ ಲಸಿಕೆ, ಸುಲಭ. ಕಣ್ಣಿಗೆ ಒಂದು ತೊಟ್ಟು. ಮರಿ ಕಣ್ಣು ಮಿಟುಕಿಸಿ ಒಳಗೆ ಎಳಕೊಳ್ಳೋವರೆಗೆ ಕೈಯಲ್ಲಿ ಹಿಡಿದಿರಬೇಕು, ಬಿಟ್ಟುಬಿಟ್ಟರೆ ಕೊಡವಿಬಿಡುತ್ತೆ. ಮಗಳು ಮರಿ ಹಿಡಿದುಕೊಡುತ್ತಿದ್ದಳು, ಹುಡುಗ ಎಣಿಸುತ್ತಿದ್ದ. ಹದಿನಾಲ್ಕನೇ ದಿನಕ್ಕೆ ಗುಂಬೋರೊ ರೋಗದ ಲಸಿಕೆ, ಇಪ್ಪತ್ತೆಂಟಕ್ಕೆ ಮತ್ತೆ ಲಸೋಟಾ, ಆರು ವಾರಕ್ಕೆ ಸಿಡುಬಿನದು. ಎಂಟು ವಾರ ಆದ ಮೇಲೆ ಆರ್‌2ಬಿ ಅನ್ನೋ ಸೂಜಿ ಲಸಿಕೆ, ರೆಕ್ಕೆ ಬುಡದ ಚರ್ಮದ ಕೆಳಗೆ ಅರ್ಧ ಎಂಎಲ್. ಕೊಕ್ಕರೆ ರೋಗದ ವಿರುದ್ಧ ಗಟ್ಟಿಯಾಗಿ ನಿಲ್ಲೋದು ಇದು. ಇದು ಸ್ವಲ್ಪ ಖಾರದ ಲಸಿಕೆ, ಎಳೆ ಮರಿಗೆ ಹಾಕಬಾರದು, ಮಂಕಾಗಿರೋ ಕೋಳಿಗೂ ಹಾಕಬಾರದು.

ಆರ್‌2ಬಿ ಹಾಕಿದ್ದು ಜನವರಿಯಲ್ಲಿ. ಬಾಟ್ಲಿ ಹೇಗೂ ತೆಗೀಬೇಕು, ಬೀದಿಯ ಕೋಳಿಗೆಲ್ಲ ಹಾಕಿಬಿಡೋಣ ಅಂತ ಸೊಸೆ ಸಂಘದ ಸಭೆಯಲ್ಲಿ ಮಾತೆತ್ತಿದರು. ಹಿಂದಿನ ಸಂಜೆಯೇ ಮನೆಮನೆಗೆ ಹೋಗಿ, "ನಾಳೆ ಬೆಳಗ್ಗೆ ಗೂಡಿನ ಬಾಗ್ಲು ತೆಗೀಬೇಡಿ" ಅಂತ ಹೇಳಿ ಬಂದರು. ಒಮ್ಮೆ ಕೋಳಿ ಹೊರಗೆ ಬಿಟ್ಟರೆ ಹಿಡಿಯೋದು ಯಾರಿಂದಲೂ ಆಗಲ್ಲ. ಬೆಳಗ್ಗೆ ಆರಕ್ಕೆ ಥರ್ಮಾಕೋಲ್ ಡಬ್ಬದಲ್ಲಿ ಐಸ್ ಇಟ್ಟುಕೊಂಡು ಶುರು ಮಾಡಿದೆವು. ಹನ್ನೊಂದು ಮನೆಯ ಎಂಬತ್ತಕ್ಕೂ ಹೆಚ್ಚು ಕೋಳಿಗೆ ಎಂಟರೊಳಗೆ ಮುಗೀತು. ಎರಡು ಮನೆಯವರು ಬೇಡ ಅಂದರು. ಸೂಜಿ ಹಾಕಿದರೆ ಮೊಟ್ಟೆ ನಿಲ್ಲುತ್ತೆ ಅನ್ನೋದು ಅವರ ಅಂಜಿಕೆ. ಮೊಟ್ಟೆ ಇಡೋ ಕೋಳಿಗೆ ಹಾಕಿದರೆ ಕೆಲವು ದಿನ ಮೊಟ್ಟೆ ಕಮ್ಮಿ ಆಗೋದು ಹೌದು, ಆಮೇಲೆ ಮತ್ತೆ ಸರಿಹೋಗುತ್ತೆ.

ಏಪ್ರಿಲ್‌ನಲ್ಲಿ ಆ ಎರಡು ಮನೆಯಲ್ಲಿ ಕೋಳಿ ಸಾಯೋಕೆ ಶುರುವಾಯ್ತು. ಕತ್ತು ತಿರುಚಿಕೊಂಡಿದ್ದವು, ಹಸಿರು ಭೇದಿ ಇತ್ತು. ಲ್ಯಾಬ್ ಪರೀಕ್ಷೆ ಮಾಡಿಸಿಲ್ಲ, ಲಕ್ಷಣ ಕೊಕ್ಕರೆಯದ್ದೇ. ಒಂದು ವಾರದಲ್ಲಿ ಎರಡೂ ಗೂಡು ಖಾಲಿ. ಲಸಿಕೆ ಹಾಕಿದ ಮನೆಗಳಲ್ಲಿ ಒಂದೂ ಹೋಗಲಿಲ್ಲ. ಅತ್ತೆ ನನ್ನನ್ನು ಕರೆಸಿ, "ಮುಂದಿನ ಸೂಜಿ ಯಾವಾಗ?" ಅಂತ ಕೇಳಿದರು. ಆ ಎರಡು ಮನೆಯವರಿಗೆ ಕಾವಿಗೆ ಹತ್ತು ಮೊಟ್ಟೆ ಕೊಟ್ಟವರೂ ಅವರೇ.

ಅದೇ ವರ್ಷ ಫೆಬ್ರುವರಿ-ಮಾರ್ಚ್ ಹೊತ್ತಿಗೆ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿಜ್ವರ ಬಂದಿತ್ತು. ನಮ್ಮ ಕಡೆಯೂ ಎಲ್ಲರಿಗೂ ಗಾಬರಿ. ಅದು ಬೇರೆ ರೋಗ, ಈ ಲಸಿಕೆಗೆ ಅದಕ್ಕೂ ಸಂಬಂಧ ಇಲ್ಲ. ಕೋಳಿಗಳು ಒಮ್ಮೆಲೇ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಮಾರಬೇಡಿ, ಕೆರೆಗೆ ಎಸೆಯಬೇಡಿ, ಪಶು ಆಸ್ಪತ್ರೆಗೆ ತಿಳಿಸಿ ಅಂತ ಮನೆಮನೆಗೆ ಹೇಳಿ ಬಂದೆ. ಚೆನ್ನಾಗಿ ಬೇಯಿಸಿದ ಮೊಟ್ಟೆ, ಮಾಂಸದಿಂದ ಹೆದರಿಕೆ ಇಲ್ಲ.

ಮೇವು, ಮೊಟ್ಟೆ, ದುಡ್ಡು

ಮೊದಲ ಎಂಟು ಒಂಬತ್ತು ವಾರ ಮರಿ ಫೀಡೇ ಕೊಟ್ಟರು. ಐವತ್ತು ಕೆಜಿಯ ಒಂದು ಮೂಟೆ, ಎರಡು ಸಾವಿರದ ಮೇಲೆ ಬಿತ್ತು. ಇಲ್ಲಿ ಜಿಪುಣತನ ಮಾಡಬಾರದು. ಬರೀ ನುಚ್ಚು ಹಾಕಿ ಬೆಳೆಸಿದ ಮರಿ ಎರಡು ತಿಂಗಳಾದರೂ ಅಂಗೈಯಷ್ಟೇ ಇರುತ್ತೆ. ಹಾಗಂತ ಮೊಟ್ಟೆ ಕೋಳಿಯ ಫೀಡನ್ನು ಮರಿಗೆ ಹಾಕಲೂಬಾರದು, ಅದರಲ್ಲಿ ಸುಣ್ಣದ ಅಂಶ ಜಾಸ್ತಿ, ಎಳೆ ಮೂತ್ರಪಿಂಡ ತಡೆಯಲ್ಲ.

ಆಮೇಲೆ ಹಗಲೆಲ್ಲ ತೋಟ. ಬೆಳಗ್ಗೆ ಸಂಜೆ ರಾಗಿ, ಜೋಳದ ನುಚ್ಚು, ಅಡುಗೆಮನೆಯ ತರಕಾರಿ ಸಿಪ್ಪೆ, ಗಾಣದಿಂದ ತಂದ ಕೊಬ್ಬರಿ ಹಿಂಡಿ ಸ್ವಲ್ಪ. ಅತ್ತೆ ಗೆದ್ದಲು ಹಿಡಿಯೋ ಹಳೇ ವಿದ್ಯೆ ಮತ್ತೆ ಶುರು ಮಾಡಿದರು. ಮಡಕೆಗೆ ಒಣ ಸಗಣಿ, ಹುಲ್ಲು ತುಂಬಿ, ನೀರು ಚಿಮುಕಿಸಿ, ಹುತ್ತದ ಹತ್ತಿರ ಬೋರಲು ಹಾಕಿದರೆ ಮಾರನೇ ಬೆಳಗ್ಗೆ ಗೆದ್ದಲು ತುಂಬಿರುತ್ತೆ. ಕೋಳಿಗಳು ಆ ಮಡಕೆ ಕಂಡರೆ ಓಡಿ ಬರುತ್ತವೆ. ನೀರಲ್ಲಿ ಬೆಳೆಯೋ ಹಸಿರು ಮೇವು ಅಜೋಲದ ತೊಟ್ಟಿಯನ್ನೂ ಮಾಡಿದ್ದರು, ಬೇಸಿಗೆಗೆ ನೀರು ಸಾಲದೆ ಬಿಟ್ಟರು.

ಹದಿನೈದರಲ್ಲಿ ಎಂಟು ಹುಂಜ, ಏಳು ಹೇಟೆ. ದೀಪಾವಳಿ ಆದ ಮೇಲೆ ಮರಿ ತಂದಿದ್ದಕ್ಕೆ ಒಂದು ಲೆಕ್ಕ ಇತ್ತು. ಹುಂಜಗಳು ಯುಗಾದಿ ಹೊತ್ತಿಗೆ ಇಪ್ಪತ್ತು ವಾರ ಮುಗಿಸುತ್ತವೆ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂತು, ಮಾರನೇ ದಿನ ವರ್ಷತೊಡಕು, ಅದೇ ದಿನ ರಂಜಾನ್ ಹಬ್ಬವೂ. ಹಕ್ಕಿಜ್ವರದ ಸುದ್ದಿಗೆ ಯಾರೂ ಕೇಳದಿದ್ದ ಹುಂಜಗಳಿಗೆ ಆ ವಾರ ಮನೆ ಬಾಗಿಲಿಗೇ ಜನ ಬಂದರು. ಆರು ಹುಂಜ ಮಾರಿದರು, ಒಂದೊಂದು ಎರಡೂವರೆ ಕೆಜಿಯ ಆಸುಪಾಸು, ಕೆಜಿಗೆ ಮುನ್ನೂರರಂತೆ. ನಾಲ್ಕೂವರೆ ಸಾವಿರ ಕೈಗೆ ಬಂತು. ಒಂದು ಮನೆಯ ಹಬ್ಬಕ್ಕಾಯ್ತು, ಒಂದನ್ನು ಬೀಜಕ್ಕೆ ಉಳಿಸಿಕೊಂಡರು. ಆ ಉಳಿದದ್ದು ಯಾವುದು ಅನ್ನೋದನ್ನ ಮಗಳು ತೀರ್ಮಾನ ಮಾಡಿದಳು, ಅದರ ಬಗ್ಗೆ ಮನೆಯಲ್ಲಿ ಚರ್ಚೆ ನಡೆಯಲಿಲ್ಲ.

ಹೇಟೆಗಳಲ್ಲಿ ಒಂದನ್ನು ಹಗಲು ಹೊತ್ತು ನಾಯಿ ಹಿಡಿಯಿತು. ಉಳಿದ ಆರು ಏಪ್ರಿಲ್ ಕೊನೆಗೆ ಮೊಟ್ಟೆ ಶುರು ಮಾಡಿದವು. ಮೊದಮೊದಲು ಚಿಕ್ಕ ಮೊಟ್ಟೆ, ಅದೂ ಡಬ್ಬ ಬಿಟ್ಟು ಕಟ್ಟಿಗೆ ರಾಶಿ ಹಿಂದೆ. ಡಬ್ಬದಲ್ಲಿ ಒಂದು ಮೊಟ್ಟೆಯನ್ನು ಯಾವಾಗಲೂ ಬಿಟ್ಟಿರೋದು, ಬೆಳಗ್ಗೆ ಹತ್ತರವರೆಗೆ ಗೂಡಿನಿಂದ ಬಿಡದಿರೋದು, ಈ ಎರಡರಿಂದ ಹತ್ತು ದಿನದಲ್ಲಿ ಅಭ್ಯಾಸ ಆಯ್ತು. ಜೂನ್‌ನಲ್ಲಿ ಸಿಪ್ಪೆ ತೆಳುವಾಗಿ ಒಡೆಯೋಕೆ ಶುರುವಾದಾಗ ಕಪ್ಪೆಚಿಪ್ಪಿನ ಪುಡಿ, ಹುರಿದು ಕುಟ್ಟಿದ ಮೊಟ್ಟೆ ಸಿಪ್ಪೆಯನ್ನು ಬೇರೆ ತಟ್ಟೆಯಲ್ಲಿ ಇಟ್ಟರು. ಎರಡು ವಾರಕ್ಕೆ ಗಟ್ಟಿಯಾಯ್ತು. ಸಿಪ್ಪೆಯನ್ನು ಹಾಗೇ ಹಾಕಬಾರದು, ತಮ್ಮ ಮೊಟ್ಟೆಯನ್ನೇ ಕುಕ್ಕಿ ತಿನ್ನೋ ಚಾಳಿ ಬಂದುಬಿಡುತ್ತೆ.

ಈಗ ದಿನಕ್ಕೆ ಮೂರು, ಒಮ್ಮೊಮ್ಮೆ ನಾಲ್ಕು ಮೊಟ್ಟೆ. ಮಕ್ಕಳಿಗೆ ದಿನಕ್ಕೊಂದೊಂದು, ಅತ್ತೆಗೆ ವಾರಕ್ಕೆ ಮೂರು, ಉಳಿದದ್ದು ಹನ್ನೆರಡು ರೂಪಾಯಿಯಂತೆ ಅಕ್ಕಪಕ್ಕಕ್ಕೆ. ತಿಂಗಳಿಗೆ ಸಿಗೋ ಹಣ ದೊಡ್ಡದೇನಲ್ಲ. ಮೊದಲ ವರ್ಷದಲ್ಲಿ ಗೂಡಿನ ದುಡ್ಡು ಪೂರ್ತಿ ಬಂದಿಲ್ಲ. ಮರಿ, ಫೀಡು, ಲಸಿಕೆ, ನಾಟಿ ಕೋಳಿಗೆ ಹಾಕಿದ್ದು ಮಾತ್ರ ಹುಂಜ ಮಾರಿದ ದುಡ್ಡಲ್ಲಿ ಬಂದಿದೆ. ಕೋಳಿಯಿಂದ ತಿಂಗಳಿಗೆ ಹತ್ತು ಸಾವಿರ ಅಂತ ಹೇಳೋ ಮಾತುಗಳನ್ನು ಕೇಳಿ ಇಳಿಯೋರಿಗೆ ಈ ಲೆಕ್ಕ ತೋರಿಸಬೇಕು ಅಂತಲೇ ಬರೆದೆ. ಮನೆ ಮಂದಿ ತಿಂದ ಮೊಟ್ಟೆಗೂ ಬೆಲೆ ಕಟ್ಟಿದರೆ ಚಿತ್ರ ಬೇರೆಯಾಗುತ್ತೆ. ಮೊದಲು ಈ ಮನೆಯಲ್ಲಿ ವಾರಕ್ಕೆ ಆರು ಮೊಟ್ಟೆ ಅಂಗಡಿಯಿಂದ ಬರುತ್ತಿತ್ತು, ಐದು ಜನಕ್ಕೆ.

ಜಗಳ ಒಂದಾಯ್ತು. ಪಕ್ಕದವರ ಸೊಪ್ಪಿನ ಮಡಿಯನ್ನು ಕೋಳಿ ಕೆರೆದು ಹಾಕಿತು. ಹಳೇ ಮೀನಿನ ಬಲೆ ತಂದು ಬೇಲಿಗೆ ಕಟ್ಟಿಕೊಟ್ಟು, ವಾರಕ್ಕೆ ನಾಲ್ಕು ಮೊಟ್ಟೆ ಕೊಡೋಕೆ ಶುರು ಮಾಡಿದ ಮೇಲೆ ಸರಿಹೋಯ್ತು.

ಈಗ ಎದುರಿಗಿರೋ ಪ್ರಶ್ನೆ ಬೀಜದ್ದು. ಉಳಿಸಿಕೊಂಡ ಹುಂಜದಿಂದ ಆದ ಮೊಟ್ಟೆಯನ್ನು ನಾಟಿ ಕೋಳಿ ಕೆಳಗೆ ಇಟ್ಟು ಮರಿ ಮಾಡಿದ್ದಾರೆ, ಹನ್ನೆರಡರಲ್ಲಿ ಒಂಬತ್ತು ಒಡೆದವು. ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ, ನರದ ಗೆರೆ ಕಾಣದ ಎರಡನ್ನು ಮೊದಲೇ ತೆಗೆದಿದ್ದರು. ಈ ಮರಿಗಳು ತಾಯಿಯಷ್ಟೇ ಮೊಟ್ಟೆ ಇಡುತ್ತವೆ ಅಂತ ನಂಬಬಾರದು ಅಂತ ನಾನು ಹೇಳಿದ್ದೇನೆ. ಸ್ವರ್ಣಧಾರ ಬೇರೆ ಬೇರೆ ತಳಿ ಕೂಡಿಸಿ ಮಾಡಿದ್ದು, ಮನೆಯಲ್ಲಿ ಮರಿ ಮಾಡಿದರೆ ಆ ಗುಣ ಚೆದುರುತ್ತೆ. ಮಾಂಸಕ್ಕೆ, ಮನೆ ಖರ್ಚಿಗೆ ಆಗಬಹುದು. ಮೊಟ್ಟೆಗೆ ಅಂತ ವರ್ಷಕ್ಕೊಮ್ಮೆ ಹೊಸ ಮರಿ ತರೋದೇ ಸರಿ. ಸೊಸೆ ಒಪ್ಪಿದ್ದಾರೆ, ಅತ್ತೆ ಅರ್ಧ ಒಪ್ಪಿದ್ದಾರೆ. ಈ ದೀಪಾವಳಿ ಆದ ಮೇಲೆ ಹದಿನೆಂಟು ಮರಿಗೆ ಹೇಳಿದ್ದಾರೆ, ಎಲ್ಲವನ್ನೂ ಕಾವು ಕೋಳಿ ಕೆಳಗೇ ಬಿಡಬೇಕು ಅಂತ. ಅದಕ್ಕೆ ಎರಡು ಹೇಟೆ ಒಂದೇ ಹೊತ್ತಿಗೆ ಕಾವಿಗೆ ಕೂರಬೇಕು. ಆರ್‌2ಬಿಗೆ ಈ ಸಲ ಹದಿಮೂರು ಮನೆಯೂ ಹೆಸರು ಬರೆಸಿವೆ, ಕೋಳಿ ನೂರು ದಾಟುತ್ತೆ, ಎರಡು ಬಾಟ್ಲಿ ತರಬೇಕು.